ಮೂರು ಬಟ್ಟಲುಗಳಲ್ಲಿ ಒಂದು ಬೇರೆ

ಶೆರಿ ಎಂಬ ದ್ರಾಕ್ಷಿಯ ಮದ್ಯ ತುಂಬಿಟ್ಟಿದ್ದ ನಲವತ್ತು ಹಳೆಯ ಪೀಪಾಯಿಗಳು ಸ್ಪೇನಿನಿಂದ ಹಡಗು, ಲಾರಿ ಹತ್ತಿ ಹೈದರಾಬಾದಿನ ಹೊರಗೆ, ಪಟಾನ್‌ಚೆರುವಿನಾಚೆಯ ನಮ್ಮ ಕಾರ್ಖಾನೆಗೆ ಬಂದಿಳಿದವು. ಅವುಗಳಿಗೆ ರಮ್ ತುಂಬುವ ಮೊದಲು ಮೂರು ದಿನ ಬಿಸಿನೀರು ತುಂಬಿಡಬೇಕೆಂದು ರುಚಿ, ವಾಸನೆ ನೋಡಿ ರಮ್ ಬೆರೆಸುವ ನಮ್ಮ ಬ್ಲೆಂಡರ್ ಸಾಹೇಬರು ಬರೆದುಕೊಟ್ಟರು. ಜನರಲ್ ಮ್ಯಾನೇಜರ್ ಆ ಕಾಗದದಲ್ಲಿ ‘ಮೂರು’ ಎಂಬುದನ್ನು ಹೊಡೆದು ‘ಒಂದು’ ಎಂದು ತಿದ್ದಿದರು. ಬೇಸಿಗೆ, ನೀರು ಟ್ಯಾಂಕರಿನಲ್ಲಿ ಬರಬೇಕಿತ್ತು. ಅವರ ಕಾರಣ ಅಷ್ಟೇ. ನಾನು ಮೇಜಿನ ಎದುರಿಗೇ ನಿಂತು ನೋಡಿದೆ.

ಖಾಲಿ ಪೀಪಾಯಿ ಹಡಗಿನಲ್ಲಿ ಹುಳಿ ಹಿಡಿಯದಿರಲೆಂದು ಒಳಗೆ ಗಂಧಕದ ಬತ್ತಿ ಉರಿಸಿ ಬಿರಡೆ ಜಡಿದಿರುತ್ತಾರೆ. ಉರಿಯುವಾಗ ಕೆಲವೊಂದರಲ್ಲಿ ಗಂಧಕ ಕರಗಿ ಹಲಗೆಯ ಮೇಲೆ ತೊಟ್ಟಿಕ್ಕಿ ಅಂಟಿಕೊಳ್ಳುತ್ತದೆ. ಒಂದು ದಿನದ ನೀರಿಗೆ ಅದು ಬಿಡುವುದಿಲ್ಲ.

ಆಂಧ್ರದಲ್ಲಿ ಮದ್ಯನಿಷೇಧ ಬರುವುದಕ್ಕೆ ಕೆಲವು ವರ್ಷ ಹಿಂದಿನ ಮಾತಿದು. ನಾನು ಪ್ರಯೋಗಾಲಯದ ಕಿರಿಯ ಕೆಮಿಸ್ಟ್. ಎರಡು ವರ್ಷದ ಪ್ರೊಬೇಷನ್ನಿನಲ್ಲಿದ್ದೆ. ದಿಲ್‌ಸುಖ್‌ನಗರದಿಂದ ಕಾರ್ಖಾನೆಯ ಬಸ್ಸು ಹತ್ತಿ ಇಡೀ ಊರನ್ನು ದಾಟಿ ಬರುತ್ತಿದ್ದೆ. ಬ್ಲೆಂಡರ್ ಸಾಹೇಬರು ನಿವೃತ್ತಿಯ ಹತ್ತಿರ ಬಂದಿದ್ದವರು. ನಮ್ಮ ಹಿರಿಯರಂತೆ ಅವರೂ ರಾಯಚೂರಿನ ಕಡೆಯವರು. ತೆಲುಗು, ಹಿಂದಿಯ ನಡುವೆ ನಾವಿಬ್ಬರೇ ಕನ್ನಡ ಮಾತಾಡುತ್ತಿದ್ದೆವು. ನನ್ನನ್ನು ಅವರು ‘ತಂಗೀ’ ಎನ್ನುತ್ತಿದ್ದರು.

ಹೊಸ ರಮ್ಮಿನ ಯೋಜನೆ ಹೀಗಿತ್ತು: ಒಂದೇ ವಾರ ಭಟ್ಟಿಯಿಂದ ಇಳಿಸಿದ ಒಂದೇ ಸ್ಪಿರಿಟ್ಟನ್ನು ಮೂರು ಬಗೆಯ ಪೀಪಾಯಿಗಳಿಗೆ ತುಂಬಿ, ಹದವಾಗಿ ಮಾಗಿದ ಮೇಲೆ ಬೆರೆಸುವುದು. ಕಾಕಂಬಿಯಿಂದ ಇಳಿಸಿದ ರಮ್ ಮೊದಲಿಗೆ ನೀರಿನಂತಿರುತ್ತದೆ. ಮೂಗಿಗೆ ಹಿಡಿದರೆ ಕಬ್ಬಿನ ಸಿಪ್ಪೆ, ಕಳಿತ ಬಾಳೆಹಣ್ಣು, ಹಿಂದೆಯೇ ಸುಡುವ ಚುರುಕು. ಮಿಕ್ಕಿದ್ದೆಲ್ಲವನ್ನೂ ಮರ ಕೊಡಬೇಕು. ನಮ್ಮದೇ ಗೋದಾಮಿನ ಹಳೆಯ ಪೀಪಾಯಿಗಳು ಎಷ್ಟೋ ಸಲ ರಮ್ ಕುಡಿದು ಸತ್ವ ಕಳೆದುಕೊಂಡಿದ್ದವು. ಅವುಗಳ ಒಳಮೈ ಹೆರೆದು, ಮತ್ತೆ ಬೆಂಕಿ ಹಾಯಿಸಿದ್ದೆವು. ಅವು ಹೊಗೆ ಮತ್ತು ಕಹಿ ಕಾಫಿಯ ವಾಸನೆ ಕೊಟ್ಟವು, ಅದಕ್ಕಿಂತ ಹೆಚ್ಚೇನಿಲ್ಲ. ಅಮೆರಿಕದ ವಿಸ್ಕಿ ತುಂಬಿಟ್ಟಿದ್ದ ಪೀಪಾಯಿಗಳಲ್ಲಿ ಮೂರನೆಯ ತಿಂಗಳಿಗೇ ವೆನಿಲ್ಲಾ, ಒಣಕೊಬ್ಬರಿ, ಸ್ವಲ್ಪ ಸೀದ ಸಕ್ಕರೆ. ಶೆರಿ ಪೀಪಾಯಿಗಳದ್ದು ನಿಧಾನ. ಮೊದಲು ಬಣ್ಣ ಬಂತು, ಹುಣಸೆಹಣ್ಣು ಕಿವುಚಿದಂಥ ಕೆಂಪು. ಆಮೇಲೆ ಒಣದ್ರಾಕ್ಷಿ, ಅಂಜೂರ, ನಾಲಗೆಯ ಅಂಚಿಗೆ ಅಕ್ರೋಟಿನ ಒಗರು. ಹೈದರಾಬಾದಿನ ಮೇ ತಿಂಗಳಲ್ಲಿ ಗೋದಾಮಿನ ಸಿಮೆಂಟ್ ಶೀಟಿಗೆ ಹತ್ತಿರದ ಮೇಲಿನ ಸಾಲಿನ ಪೀಪಾಯಿಗಳು ಕೈ ಇಟ್ಟರೆ ಸುಡುವಷ್ಟು ಕಾಯುತ್ತಿದ್ದವು. ಅಲ್ಲಿ ರಮ್ ಬೇಗ ಆವಿಯಾಗಿ ಪೀಪಾಯಿ ಬರಿದಾಗುತ್ತಿತ್ತು. ಉಳಿದದ್ದು ಮರವನ್ನು ಅತಿಯಾಗಿ ಹೀರಿ, ಬಹಳ ಹೊತ್ತು ಕುದಿಸಿದ ಚಹಾದಂತೆ ಒಗರಾಗುತ್ತಿತ್ತು. ನೆಲದ ಸಾಲಿನಲ್ಲಿ ಅದೇ ರಮ್ ಮೆತ್ತಗೆ ಮಾಗುತ್ತಿತ್ತು.

ಪ್ರತಿ ತಿಂಗಳೂ ಅಬಕಾರಿ ಇನ್‌ಸ್ಪೆಕ್ಟರರು ತಮ್ಮ ಬೀಗ ತೆಗೆದು, ನಾವು ನಮ್ಮ ಬೀಗ ತೆಗೆದು ಗೋದಾಮಿನೊಳಗೆ ಹೋಗುತ್ತಿದ್ದೆವು. ನಾನು ಬಿರಡೆ ಬಿಚ್ಚಿ ತಾಮ್ರದ ಕೊಳವೆ ಇಳಿಸಿ ಮಾದರಿ ತೆಗೆಯಬೇಕು, ನೀರು ಬೆರೆಸಬೇಕು, ಕಡುನೀಲಿ ಗಾಜಿನ ಬಟ್ಟಲುಗಳಿಗೆ ಸುರಿದು ಗಾಜಿನ ಬಿಲ್ಲೆ ಮುಚ್ಚಬೇಕು. ಬಣ್ಣ ನೋಡಿ ಮನಸ್ಸು ಮೋಸಹೋಗಬಾರದೆಂದು ನೀಲಿ ಬಟ್ಟಲುಗಳನ್ನು ಸಾಹೇಬರೇ ತರಿಸಿದ್ದರು. ಕಾಲು ಗಂಟೆ ಬಿಟ್ಟು ಮುಚ್ಚಳ ತೆಗೆದು, ಬಾಯಿ ತುಸು ತೆರೆದು, ಮೂರು ಚಿಕ್ಕ ಉಸಿರು. ಆಮೇಲೆ ಒಂದು ಗುಟುಕು ಬಾಯಲ್ಲಾಡಿಸಿ ಉಗಿಯುವುದು. ಕುರ್ಚಿ ಗೋಡೆಯ ಕಡೆಗೆ ಮುಖ ಮಾಡಿರಬೇಕೆಂಬುದೂ ಅವರದೇ ನಿಯಮ.

“ಮಂದಿ ಮಾರಿ ನೋಡಿದ್ರ ಮೂಗು ಸುಳ್ಳು ಹೇಳ್ತೈತಿ ತಂಗೀ,” ಎನ್ನುತ್ತಿದ್ದರು.

ಪರೀಕ್ಷೆಯ ದಿನ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ, ಮನೆಯಲ್ಲಿ ಊದುಬತ್ತಿ ಹಚ್ಚಿಸುತ್ತಿರಲಿಲ್ಲ. ಬರೀ ಮೊಸರನ್ನ ತಿಂದು ಬರುತ್ತಿದ್ದರು. ಮದ್ಯದ ನೆರಳೂ ಬೀಳದ ಮನೆಯಿಂದ ಬಂದ ನನಗೆ ಆ ಮೂರು ಉಸಿರುಗಳನ್ನು ಕಲಿಸಿದವರು ಅವರು.

ಎರಡನೆಯ ವರ್ಷದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಮೂರು ವಾರ ಮಲಗಿ ಎದ್ದು ಬಂದರು. ಅಲ್ಲಿಂದಾಚೆಗೆ ಪರೀಕ್ಷೆಯ ರೀತಿ ಸ್ವಲ್ಪ ಬದಲಾಯಿತು. ಬಟ್ಟಲನ್ನು ಮೂಗಿಗೆ ಹಿಡಿದು, ಕೆಳಗಿಟ್ಟು, ಮೊದಲು ನನ್ನನ್ನು ಕೇಳುವರು: “ನಿನಗೇನ ಅನಸ್ತೈತಿ?” ನಾನು ಹೇಳಿದ್ದನ್ನು ಇನ್ನಷ್ಟು ಚೆಂದದ ಮಾತಿನಲ್ಲಿ ಪುಸ್ತಕಕ್ಕೆ ಬರೆಯುವರು. ನನ್ನನ್ನು ತಯಾರು ಮಾಡುತ್ತಿದ್ದಾರೆಂದು ಹೆಮ್ಮೆಪಟ್ಟೆ. ಶೆರಿ ಪೀಪಾಯಿಗಳಿಗೆ ಒಪ್ಪಿಗೆ ಕೊಡುವ ದಿನವೂ ಹಾಗೆಯೇ ಕೇಳಿದರು. ಕೆಲವು ಬಟ್ಟಲುಗಳಲ್ಲಿ ಹಣ್ಣಿನ ವಾಸನೆಯ ಅಡಿಯಲ್ಲಿ ಏನೋ ಒಂದು ಮೂಗನ್ನು ಕೆರೆದಂತಾಯಿತು. ಆದರೆ ಹಿಂದಿನ ತಿಂಗಳ ಪುಟದಲ್ಲಿ ಒಣದ್ರಾಕ್ಷಿ ಎಂದಿತ್ತು. ನಾನೂ ಒಣದ್ರಾಕ್ಷಿ ಎಂದೆ. ಹಾಳೆಯ ಕೆಳಗೆ ಇಬ್ಬರ ಸಹಿಯೂ ಬಿತ್ತು.

ಪೀಪಾಯಿಗಳಿಂದ ಸ್ವಲ್ಪ ಸ್ವಲ್ಪವೇ ತೆಗೆದು ಮಾಡಿದ ಮೊದಲ ಬೆರಕೆ ಬಾಟಲಿಗಿಳಿದು ಸಿಕಂದರಾಬಾದಿನ ಸಗಟು ಅಂಗಡಿಗಳಿಗೆ ಹೋಯಿತು. ಎರಡು ತಿಂಗಳಲ್ಲಿ ಪೆಟ್ಟಿಗೆ ಪೆಟ್ಟಿಗೆ ವಾಪಸ್ಸು ಬಂತು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ನಾರುತ್ತದೆ ಎಂದು ಅಂಗಡಿಯವರ ದೂರು.

ಅಷ್ಟರಲ್ಲಿ ನಾನು ಎರಡು ತಿಂಗಳ ಗರ್ಭಿಣಿ. ಗಂಡನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹಿಂದಿನ ವರ್ಷ ಲೇಬಲ್ ವಿಭಾಗದ ಹೆಂಗಸೊಬ್ಬಳಿಗೆ ಹೊಟ್ಟೆ ಕಾಣಿಸಿದ ವಾರವೇ ಜನರಲ್ ಮ್ಯಾನೇಜರ್ ಗೇಟು ತೋರಿಸಿದ್ದರು. ಹೊಟ್ಟೆ ಬಚ್ಚಿಡಬಹುದಿತ್ತು, ಮೂಗನ್ನು ಏನು ಮಾಡುವುದು? ಬಸ್ಸು ಪಟಾನ್‌ಚೆರು ಮುಟ್ಟುವ ಮೊದಲೇ ಯಾವ ಕಾರ್ಖಾನೆ ಯಾವ ಹೊಗೆ ಬಿಟ್ಟಿದೆ ಎಂದು ತಿಳಿಯುತ್ತಿತ್ತು. ಮುಂದಿನ ಸೀಟಿನವರು ಹಿಂದಿನ ದಿನ ಏನು ತಿಂದರೆಂಬುದೂ ತಿಳಿಯುತ್ತಿತ್ತು. ವಾಪಸ್ಸು ಬಂದ ಬಾಟಲಿಯನ್ನು ಯಾರೋ ಕೋಣೆಯ ಆ ತುದಿಯಲ್ಲಿ ತೆರೆದರು, ಈ ತುದಿಯಲ್ಲಿ ನನಗೆ ಗೀರಿದ ಬೆಂಕಿಕಡ್ಡಿ ಮುಖಕ್ಕೇ ಹಿಡಿದಂತಾಯಿತು, ಗಂಧಕ. ಸಾಹೇಬರು ಅದೇ ಬಾಟಲಿಯ ಬಾಯಿಗೆ ಮೂಗಿಟ್ಟು ನಿಂತಿದ್ದರು. ಅವರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಎಲ್ಲರೂ ಹೋದ ಮೇಲೆ ಕೇಳಿದೆ: “ಸಾಹೇಬ್ರ, ನಿಮಗ ವಾಸನಿ ಬರಾಕತ್ತಿಲ್ಲೇನ್ರಿ?”

ಅವರು ಬಾಗಿಲು ಹಾಕಿ ಬಂದು ಕೂತರು. “ಜ್ವರದಾಗ ಹೋತು. ಸ್ಪಿರಿಟಿನ ಚುರುಕ ಒಂದ ಗೊತ್ತಾಗತೈತಿ, ಅದರಾಚಿ ಏನೂ ಇಲ್ಲ. ಇವತ್ತ ಬಂದೀತು, ನಾಳಿ ಬಂದೀತು ಅಂತ ದಿನಾ ದೂಡೇನಿ.”

“ಮನ್ಯಾಗ ಗೊತ್ತೈತೇನ್ರಿ?”

“ಇಲ್ಲ. ಸಾರು ಛಲೋ ಆಗೈತಿ ಅಂತ ದಿನಾ ಅಂತೀನಿ. ಉಪ್ಪು, ಹುಳಿ ಬಿಟ್ರ ನನಗೇನೂ ತಿಳಿಯೂದಿಲ್ಲ.” ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿ ಹೇಳಿದರು: “ನಲವತ್ತೂ ಪೀಪಾಯಿ ನೀನು ನೋಡು. ಕೆಟ್ಟಾವನ್ನ ಬ್ಯಾರೆ ಮಾಡೂಣು. ಬರಿಯೂದು ನಾ ಬರೀತೀನಿ.”

ಐದು ದಿನ ಹಿಡಿಯಿತು. ದಿನಕ್ಕೆ ಎಂಟು ಪೀಪಾಯಿ; ಎಂಟರ ಮೇಲೆ ಮೂಗು ಮರಗಟ್ಟುತ್ತದೆ. ಗೋದಾಮಿನೊಳಗೆ ಮರ, ರಮ್, ಹಳೆಯ ದೂಳು, ಇಲಿ ಎಲ್ಲ ಸೇರಿ ಒಂದೇ ಗುದ್ದಿನಂತೆ ಹೊಟ್ಟೆಗೆ ಬೀಳುತ್ತಿತ್ತು. ಮೂರನೆಯ ಪೀಪಾಯಿಗೇ ವಾಂತಿಯಾಯಿತು. ಸಾಹೇಬರು ಬಕೆಟ್ಟು ತಂದು ಹಿಡಿದರು. ಎರಡನೆಯ ದಿನ ಬರುವಾಗ ಜೇಬಿನಲ್ಲಿ ಒಣಗಿದ ನಿಂಬೆ ಉಪ್ಪಿನಕಾಯಿಯ ಹೋಳು ಕಾಗದದಲ್ಲಿ ಸುತ್ತಿ ತಂದಿದ್ದರು.

“ಎಷ್ಟನೇ ತಿಂಗಳ?” ಎಂದರು.

ನಾನು ಹೋಳನ್ನು ಬಾಯಿಗೆ ಹಾಕಿಕೊಂಡೆ.

“ನಮ್ಮಾಕಿಗೂ ಹಿಂಗ ಆಗಿತ್ತು. ಮೂಗು ಚೂರಿ ಆಗಿತ್ತು. ಹೆದರಬ್ಯಾಡ, ನಾ ಯಾರ ಮುಂದೂ ಅನ್ನೂದಿಲ್ಲ.”

ನಲವತ್ತರಲ್ಲಿ ಹನ್ನೊಂದು ಕೆಟ್ಟಿದ್ದವು. ಬಿರಡೆಯ ಪಕ್ಕದಲ್ಲಿ ಅವರು ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯುತ್ತ ಹೋದರು. ಉಳಿದ ಇಪ್ಪತ್ತೊಂಬತ್ತು ಚೆನ್ನಾಗಿದ್ದವು. ನನ್ನ ಆ ಹುಚ್ಚು ಮೂಗಿಗೆ ಅವುಗಳಲ್ಲಿ ಅಂಜೂರದ ಬೀಜ ಕೂಡ ಬೇರೆಯಾಗಿ ಸಿಗುತ್ತಿತ್ತು. ಅಷ್ಟು ಸುಖದ ಕೆಲಸವನ್ನು, ಅಷ್ಟು ವಾಂತಿಯ ನಡುವೆ, ನಾನು ಮತ್ತೆ ಮಾಡಿಲ್ಲ.

ಜನರಲ್ ಮ್ಯಾನೇಜರ್ ಕರೆಸಿದರು. ಅವರು ಮಾತಾಡುತ್ತಿದ್ದುದು ಹಿಂದಿಯಲ್ಲಿ, ಅರ್ಥ ಇಷ್ಟು.

“ಹನ್ನೊಂದು ಪೀಪಾಯಿಗೆ ಒಪ್ಪಿಗೆ ಕೊಟ್ಟ ಹಾಳೆಯಲ್ಲಿ ಎರಡು ಸಹಿ ಇದೆ ಮೇಡಂ. ಒಂದು ಮುದುಕರದ್ದು, ಒಂದು ನಿಮ್ಮದು. ಯಾರ ಮೂಗು ಕೆಟ್ಟಿದೆ?”

ಮೂರು ದಿನ ನೆನೆಹಾಕಬೇಕೆಂದು ಸಾಹೇಬರು ಬರೆದುಕೊಟ್ಟ ಕಾಗದವಿದೆ ಎಂದೆ. ಅಂಥ ಕಾಗದ ತಮ್ಮ ಫೈಲಿನಲ್ಲಿಲ್ಲ ಎಂದರು. ದನಿ ಏರಿಸಲಿಲ್ಲ. ಮುಂದಿನ ಸೋಮವಾರ ಅಬಿಡ್ಸ್‌ನಲ್ಲಿರುವ ಮುಖ್ಯ ಆಫೀಸಿನಿಂದ ಇಬ್ಬರು ನಿರ್ದೇಶಕರು ಬರುತ್ತಾರೆ, ಅವರ ಮುಂದೆ ಮೂರು ಬಟ್ಟಲಿನ ಪರೀಕ್ಷೆ ನಡೆಯಲಿ, ನೀವೇ ಏರ್ಪಾಡು ಮಾಡಿ ಎಂದರು. ಎರಡು ಬಟ್ಟಲುಗಳಲ್ಲಿ ಒಂದೇ ರಮ್, ಒಂದರಲ್ಲಿ ಬೇರೆ. ಬೇರೆಯಾದದ್ದು ಯಾವುದೆಂದು ಹೇಳಬೇಕು. ಹೊಸಬರನ್ನು ಆರಿಸಲು ಸಾಹೇಬರೇ ಆ ಕಾರ್ಖಾನೆಗೆ ತಂದ ಪರೀಕ್ಷೆ ಅದು. ನಾನೂ ಅದರಲ್ಲಿ ಗೆದ್ದೇ ಸೇರಿದವಳು.

ಸಾಹೇಬರಿಗೆ ಹೇಳಿದಾಗ ಅವರು ನೀಲಿ ಬಟ್ಟಲೊಂದನ್ನು ಕೈಯಲ್ಲಿ ತಿರುಗಿಸುತ್ತ ಕೂತರು.

“ಇನ್ನ ಎಂಟ ತಿಂಗಳ ತಂಗೀ. ಬ್ಲೆಂಡರ್ ಅನಿಸಿಕೊಂಡ ಮನೀಗೆ ಹೋಗಬೇಕಂತೀನಿ, ಮತ್ತೇನಿಲ್ಲ.” ನನ್ನ ಕಡೆ ನೋಡದೆ ಮುಂದುವರಿದರು: “ಬ್ಯಾರೆ ಇದ್ದ ಬಟ್ಟಲದ ಮುಚ್ಚಳ ಒಂದ ಎಳಿಯಷ್ಟು ಸರಿಸಿ ಇಡತೀಯೇನು?”

“ಇಡತೀನ್ರಿ,” ಎಂದೆ. ಮನಸ್ಸಿಟ್ಟೇ ಹೇಳಿದ್ದೆ.

ಸೋಮವಾರ ಹನ್ನೊಂದಕ್ಕೆ ಪರೀಕ್ಷಾ ಕೋಣೆಯಲ್ಲಿ ಇಬ್ಬರು ನಿರ್ದೇಶಕರು, ಮಾರಾಟದ ಅಧಿಕಾರಿ ಒಬ್ಬರು, ಜನರಲ್ ಮ್ಯಾನೇಜರ್. ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಮೊದಲ ಸುತ್ತಿನಲ್ಲಿ ಎರಡು ಬಟ್ಟಲಿಗೆ ಅಮೆರಿಕದ ಪೀಪಾಯಿಯ ರಮ್, ಒಂದಕ್ಕೆ ಶೆರಿಯದು. ಶೆರಿಯ ಬಟ್ಟಲಿನ ಬಿಲ್ಲೆಯನ್ನು ಸರಿಸಿಟ್ಟೆ. ಅವರು ಮೂರನ್ನೂ ಮೂಗಿಗೆ ಹಿಡಿದು, ಅವಸರವಿಲ್ಲದೆ, ಸರಿಯಾದದ್ದನ್ನು ಮುಂದಕ್ಕೆ ತಳ್ಳಿದರು. ಎರಡನೆಯ ಸುತ್ತಿನಲ್ಲಿ ಎರಡು ಬಟ್ಟಲಿಗೆ ಮೇಲಿನ ಸಾಲಿನ ರಮ್, ಒಂದಕ್ಕೆ ಕೆಳಗಿನ ಸಾಲಿನದು; ಮತ್ತೆ ಬಿಲ್ಲೆ ಸರಿಸಿಟ್ಟೆ, ಅದೂ ಸರಿಯಾಯಿತು. ಒಬ್ಬ ನಿರ್ದೇಶಕರು ಶಹಬ್ಬಾಸ್ ಎಂದರು. ನನಗೆ ಸಂತೋಷವಾಯಿತು.

ಜನರಲ್ ಮ್ಯಾನೇಜರ್ ಬಟ್ಟಲುಗಳನ್ನೇ ನೋಡುತ್ತಿದ್ದರು. ಮೂಗಿಗಿಂತ ಮೊದಲು ಸಾಹೇಬರ ಕಣ್ಣು ಕೆಲಸ ಮಾಡುತ್ತಿರುವುದನ್ನು ಕಂಡಿರಬೇಕು.

“ಕೊನೆಯ ಸುತ್ತು ನಾನು ತಯಾರಿಸುತ್ತೇನೆ. ಮೇಡಂ ತಂದಿಟ್ಟರೆ ಸಾಕು,” ಎಂದರು.

ಕೋಣೆಯ ಮೂಲೆಯ ಮೇಜಿಗೆ ಹೋಗಿ ಮೂರು ಬಟ್ಟಲಿಗೂ ಒಂದೇ ರಮ್ ಸುರಿದರು. ಆಮೇಲೆ ಮೇಜಿನ ಕೆಳಗಿನಿಂದ ಕಕ್ಕಸು ತೊಳೆಯುವ ಫಿನಾಯಿಲಿನ ಬಾಟಲಿ ತೆಗೆದು, ನಡುವಿನ ಬಟ್ಟಲಿಗೆ ಒಂದು ಚಮಚ ಹಾಕಿ, ಮೂರಕ್ಕೂ ಬಿಲ್ಲೆ ಮುಚ್ಚಿದರು. ಕೋಣೆಯೆಲ್ಲ ನಾರಿತು. ನಿರ್ದೇಶಕರು ಕರವಸ್ತ್ರ ತೆಗೆದರು. ಮಾರಾಟದ ಅಧಿಕಾರಿ ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದರು. ಗೋಡೆಯ ಕಡೆಗಿದ್ದ ಸಾಹೇಬರ ಬೆನ್ನು ನೆಟ್ಟಗೇ ಇತ್ತು.

ತಟ್ಟೆಯನ್ನು ನನ್ನ ಕೈಗಿಡುತ್ತ ಜನರಲ್ ಮ್ಯಾನೇಜರ್ ಪಿಸುಗುಟ್ಟಿದರು: “ಇದರಲ್ಲೂ ಅವರು ಗೆದ್ದರೆ, ಆ ಹನ್ನೊಂದು ಪೀಪಾಯಿಯ ತಪ್ಪು ಹೊರಲು ನಿಮ್ಮ ಒಬ್ಬರ ಸಹಿ ಸಾಕು.”

ಆ ಮೇಜಿನಿಂದ ಅವರ ಕುರ್ಚಿಗೆ ಎಂಟು ಹೆಜ್ಜೆ. ಒಣದ್ರಾಕ್ಷಿ ಎಂದವಳು ನಾನೇ ಎಂಬುದು ನೆನಪಿತ್ತು. ಪ್ರೊಬೇಷನ್ ಮುಗಿಯಲು ಆರು ವಾರವಿತ್ತು. ಹೊಟ್ಟೆಯೊಳಗಿನದು ಇನ್ನೂ ಯಾರಿಗೂ ಕಾಣುತ್ತಿರಲಿಲ್ಲ. ಇವೆಲ್ಲ ನಿಜ, ಇನ್ನೂ ಒಂದು ನಿಜವನ್ನು ಹೇಳಿಬಿಡುತ್ತೇನೆ. ನಲವತ್ತು ಪೀಪಾಯಿಗಳನ್ನು ನನ್ನ ಮೂಗು ಒಂದೊಂದಾಗಿ ಬಿಡಿಸಿದ ಆ ಐದು ದಿನಗಳಲ್ಲಿ, ಈ ಕುರ್ಚಿ ನನ್ನದಾಗಬೇಕು ಎಂದು ನನಗೆ ಅನಿಸಿತ್ತು. ತಟ್ಟೆ ಇಳಿಸಿ ಬಟ್ಟಲುಗಳನ್ನು ಸಾಲಾಗಿ ಇಟ್ಟೆ. ಮೂರು ಬಿಲ್ಲೆಗಳನ್ನೂ ಬೆರಳಿನಿಂದ ನೇರ ಮಾಡಿದೆ.

ಸಾಹೇಬರು ಬಿಲ್ಲೆಗಳನ್ನು ನೋಡಿದರು. ಇನ್ನೊಮ್ಮೆ ನೋಡಿದರು. ಪಕ್ಕದಲ್ಲಿ ನಿಂತಿದ್ದ ನನ್ನತ್ತ ಕಣ್ಣೆತ್ತಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಅವರು ಮೊದಲ ಬಟ್ಟಲು ತೆರೆದು ಮೂರು ಚಿಕ್ಕ ಉಸಿರು ತೆಗೆದುಕೊಂಡರು. ಎರಡನೆಯದು ತೆರೆದರು, ನನಗೆ ವಾಂತಿ ಗಂಟಲಿಗೆ ಬಂತು. ಮೂರನೆಯದು. ಕಣ್ಣು ಮುಚ್ಚಿ ಒಂದು ನಿಮಿಷ ಕೂತು, ಮತ್ತೆ ನಡುವಿನ ಬಟ್ಟಲನ್ನೇ ಎತ್ತಿಕೊಂಡರು. ಊಹೆಯೇ ಇರಬೇಕು, ಆದರೆ ಸರಿಯಾದದ್ದನ್ನೇ ಹಿಡಿದಿದ್ದರು.

“ಈ ನಡುವಿನದು ಬೇರೆ,” ಎಂದರು ಹಿಂದಿಯಲ್ಲಿ, ಎಂದಿನ ಗಂಭೀರ ದನಿಯಲ್ಲಿ. “ಶೆರಿ ಪೀಪಾಯಿ, ಕೆಳಗಿನ ಸಾಲಿನದು. ಒಣದ್ರಾಕ್ಷಿ ಮುಂದಿದೆ, ಹಿಂದೆ ಅಂಜೂರ. ಚೆನ್ನಾಗಿ ಮಾಗಿದೆ.”

ಬೆನ್ನ ಹಿಂದೆ ನಗು ಒಡೆಯಿತು. ಮಾರಾಟದ ಅಧಿಕಾರಿ ಮೇಜು ತಟ್ಟಿ ತಟ್ಟಿ ನಕ್ಕರು. ನಗುವುದೇಕೆಂದು ತಿಳಿಯದೆ ಸಾಹೇಬರು ತಾವೂ ತುಸು ನಕ್ಕು, ಪದ್ಧತಿಯಂತೆ ಗುಟುಕು ತೆಗೆದುಕೊಳ್ಳಲು ಬಟ್ಟಲನ್ನು ತುಟಿಗೆ ಎತ್ತಿದರು.

ಯಾರೂ ತಡೆಯಲಿಲ್ಲ. ನಾನು ಅವರ ಮಣಿಕಟ್ಟು ಹಿಡಿದೆ. ಬಟ್ಟಲು ತುಳುಕಿ ಬಿಳಿಯ ಅಂಗಿಯ ಮೇಲೆ ಚೆಲ್ಲಿತು. ಹಾಲು ಬೆರೆತ ಚಹಾದಂತೆ ರಾಡಿಯಾದ ರಮ್. ಫಿನಾಯಿಲು ಬಿದ್ದರೆ ಹಾಗಾಗುತ್ತದೆ. ಬಣ್ಣ ನೋಡಿ ಅವರಿಗೆ ತಿಳಿಯಿತು. ಅಂಗಿಯನ್ನು ನೋಡಿಕೊಂಡರು, ನನ್ನ ಕೈಯನ್ನು ನೋಡಿದರು.

“ಏನಾದರೂ ಹೇಳುವುದಿದೆಯಾ?” ಜನರಲ್ ಮ್ಯಾನೇಜರ್ ಕೇಳಿದರು.

ಹೇಳಲು ಸಾಹೇಬರಿಗೆ ಬೇಕಾದಷ್ಟಿತ್ತು. ಆ ಹಾಳೆಯ ಒಣದ್ರಾಕ್ಷಿ ನನ್ನದು. ಮೊದಲೆರಡು ಸುತ್ತಿನ ಮೋಸದಲ್ಲಿ ನನ್ನ ಕೈಯಿತ್ತು. ಈಕೆ ಗರ್ಭಿಣಿ, ಈಕೆಯ ಮೂಗನ್ನು ನಂಬಬೇಡಿ ಎಂದಿದ್ದರೆ ಅಲ್ಲಿಗೇ ನನ್ನ ಕೆಲಸ ಮುಗಿಯುತ್ತಿತ್ತು.

“ಏನಿಲ್ಲ ಸಾಬ್,” ಎಂದರು.

“ಕಣ್ಣಾದರೂ ಸರಿಯಾಗಿದೆಯಲ್ಲ,” ಎಂದು ಜನರಲ್ ಮ್ಯಾನೇಜರ್ ಅದೇ ಮಧ್ಯಾಹ್ನ ಅವರನ್ನು ಬಾಟಲಿ ತುಂಬುವ ಹಾಲಿಗೆ ಕಳಿಸಿದರು. ಅಲ್ಲಿ ಪಟ್ಟಿಯ ಮೇಲೆ ಸಾಗುವ ಬಾಟಲಿಗಳನ್ನು ದೀಪದ ಬಿಳಿ ಪರದೆಯ ಮುಂದೆ ನೋಡುತ್ತ, ಕಸವಿದ್ದದ್ದನ್ನು ಎತ್ತಿಡುವ ಕೆಲಸ. ಜೊತೆಗಿದ್ದವರೆಲ್ಲ ದಿನಗೂಲಿ ಹೆಂಗಸರು. ಸ್ವಲ್ಪ ದಿನ ಅಲ್ಲಿ ಅವರಿಗೆ ‘ಫಿನಾಯಿಲ್ ಸಾಬ್’ ಎಂಬ ಹೆಸರಿತ್ತೆಂದು ಕೇಳಿದೆ.

ನನಗೆ ಕುರ್ಚಿ ಸಿಕ್ಕಿತು, ಕೆಲಸ ಕಾಯಂ ಆಯಿತು. ಹನ್ನೊಂದು ಪೀಪಾಯಿಗಳನ್ನು ಖಾಲಿ ಮಾಡಿಸಿ, ಒಳಮೈ ಹೆರೆಸಿ, ಈ ಸಲ ಮೂರು ದಿನ ಪೂರ್ತಿ ನೆನೆಹಾಕಿಸಿದೆ. ಜನರಲ್ ಮ್ಯಾನೇಜರ್ ಟ್ಯಾಂಕರಿಗೆ ಮರುಮಾತಾಡದೆ ಸಹಿ ಹಾಕಿದರು. ಐದನೆಯ ತಿಂಗಳಿಗೆ ಹೊಟ್ಟೆ ಕಂಡಾಗ ನನ್ನನ್ನು ಗೇಟಿಗೆ ಕಳಿಸಲಿಲ್ಲ. ಹೆರುವ ತನಕ ಈ ಮೂಗು ನಮ್ಮದು ಎಂದು ನಿರ್ದೇಶಕರ ಮುಂದೆ ತಮಾಷೆ ಮಾಡಿದರು, ನಾನೂ ನಕ್ಕೆ. ಹೆರಿಗೆಯಾದ ಮೇಲೆ ಆ ಮೂಗು ಉಳಿಯಲಿಲ್ಲ, ಎಲ್ಲರಂತಾಯಿತು. ಅದು ಯಾರಿಗೂ ಗೊತ್ತಾಗಲಿಲ್ಲ. ನನ್ನ ಮುಂದೆ ಮೂರು ಬಟ್ಟಲು ಇಟ್ಟವರೂ ಇಲ್ಲ.

ಏಳನೆಯ ತಿಂಗಳಲ್ಲಿ ಹೊಸ ಬೆರಕೆ ಬಾಟಲಿಗಿಳಿಯುವ ದಿನ ನಾನು ಕೆಳಗಿನ ಹಾಲಿಗೆ ಹೋಗಲೇಬೇಕಾಯಿತು. ಸಾಹೇಬರು ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಬಾಟಲಿಗಳಿಂದ ಕಣ್ಣು ತೆಗೆಯದೆ ಕೇಳಿದರು:

“ಶೆರಿ ಎಷ್ಟು ಹಾಕಿದಿ?”

“ಐದರಾಗ ಒಂದ ಪಾಲ್ರಿ.”

“ಮ್ಯಾಲಿನ ಸಾಲಿಂದೋ?”

“ಇಲ್ರಿ, ಕೆಳಗಿಂದು.”

“ಛಲೋ ಮಾಡಿದಿ. ಮ್ಯಾಲಿಂದಾದ್ರ ಒಗರಾಗತಿತ್ತು.”

ನಾನು ಹೊರಡಲು ತಿರುಗಿದೆ. ಯಂತ್ರದ ಸದ್ದಿನ ನಡುವೆ ಅವರು ಮತ್ತೆ ಕರೆದರು.

“ತಂಗೀ, ಆವತ್ತ ಮುಚ್ಚಳ ಸರಸೂದು ಮರ್ತಿ ಏನು? ಬಸರಾಗಿದ್ದಾಗ ಹಂಗ ಆಗತೈತಿ. ನಮ್ಮಾಕಿ ಒಲಿ ಮ್ಯಾಲ ಹಾಲಿಟ್ಟು ಮರೀತಿದ್ಲು.”

ನಾನು ತಿರುಗಿ ಅವರ ಸ್ಟೂಲಿನ ಹತ್ತಿರ ಬಂದೆ. ಅವರು ಕಾಯುತ್ತಿದ್ದರು.

“ಹೂಂರಿ ಸಾಹೇಬ್ರ,” ಎಂದೆ. “ಮರ್ತೆ.”

“ಮತ್ತ, ನಾನೂ ಅದನ್ನ ಅಂದ್ಕೊಂಡಿದ್ದೆ,” ಎಂದು ಅವರು ಪಟ್ಟಿಯ ಮೇಲೆ ಬಂದ ಬಾಟಲಿಯ ಕಡೆ ಬಾಗಿದರು.